ಅಪ್ಪ ಮಡಚಲು ಹೋದ ಹಾಯಿ

ಬಟ್ಟೆ ಅಂಗಡಿಯವರ ಮಗಳಿಗೆ ಬಟ್ಟೆಯನ್ನು ಕೈಬಿಡಲು ಬರುವುದಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ಶಿಕಾರಿಪುರದ ಪೇಟೆಯಲ್ಲಿದ್ದ ನಮ್ಮ ಅಂಗಡಿಗೆ ಬಂದ ಗಿರಾಕಿಗಳು ರಾಶಿ ಸೀರೆ ಬಿಚ್ಚಿಸಿ, ಮುಟ್ಟಿ, ಮೂಗು ಮುರಿದು, ಮುಂದಿನ ಸಲ ಬರ್ತೀವಿ ಎಂದು ಎದ್ದುಹೋದ ಮೇಲೆ ಅವನ್ನೆಲ್ಲ ಮತ್ತೆ ಮಡಚುವುದು ಅಪ್ಪನ ಮತ್ತು ನನ್ನ ಕೆಲಸ. ನಾನು ಎರಡು ಮೂಲೆ ಹಿಡಿದು ನಿಲ್ಲಬೇಕು. ಅಪ್ಪ ಆ ಕಡೆಯ ಎರಡು ಮೂಲೆ ಹಿಡಿದು ನನ್ನತ್ತ ಬರುತ್ತಿದ್ದರು. ಅಂಚಿಗೆ ಅಂಚು ಕೂಡಬೇಕು. ಕೂಡದಿದ್ದರೆ ಮತ್ತೆ ಬಿಚ್ಚಬೇಕು. ಸೆರಗು ನೆಲಕ್ಕೆ ತಾಗಿದರೆ ಅಪ್ಪನ ಹುಬ್ಬು ಗಂಟಾಗುತ್ತಿತ್ತು. ಕಾಲಿಗೆ ತಾಗಿದರಂತೂ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳದೆ ಅವರು ಮುಂದಿನ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ನನಗಾಗ ಕಾಲೇಜಿನ ಕೊನೆಯ ವರ್ಷ. ತೊಂಬತ್ತರ ದಶಕದ ಮೊದಲ ವರ್ಷಗಳವು. ನನ್ನ ಸೋದರಮಾವ, ಅಂದರೆ ಅಮ್ಮನ ತಮ್ಮ, ಬಹಳ ಕಾಲ ಕಾರವಾರದಲ್ಲಿ ದೋಣಿ ರಿಪೇರಿಯ ಶೆಡ್ಡಿನಲ್ಲಿ ದುಡಿದು ಊರಿಗೆ ಮರಳಿದ್ದ. ಊರೆಂದರೆ ಸೊರಬದಿಂದ ಉಳವಿಗೆ ಹೋಗುವ ಬಸ್ಸಿನ ದಾರಿಯ ಒಂದು ಹಳ್ಳಿ. ಬರುವಾಗ ಬೇರೆಯವರ ಹಾಗೆ ಕಪಾಟು, ಟೀವಿ ತರಲಿಲ್ಲ. ಲಾರಿಯ ಮೇಲೆ ಒಂದು ಹಳೇ ಹಾಯಿದೋಣಿ ಹೇರಿಕೊಂಡು ಬಂದ. ನಾಲ್ಕು ಜನ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಚಿಕ್ಕದು. ಅದನ್ನು ಊರ ಕೆರೆಗೆ ಇಳಿಸಿದಾಗ ಎಮ್ಮೆ ಮೈ ತೊಳೆಯುತ್ತಿದ್ದವರು ಕೆಲಸ ಬಿಟ್ಟು ನಿಂತು ನೋಡಿದರಂತೆ. "ಅವನಿಗೆ ಮದುವೆ ಮಾಡಿದ್ರೆ ಎಲ್ಲ ಸರಿ ಹೋಗ್ತಿತ್ತು," ಎಂದು ಅಮ್ಮ ವರ್ಷಗಟ್ಟಲೆ ಗೊಣಗಿದಳು.

ದೋಣಿಯೇನೋ ಗಟ್ಟಿಯಿತ್ತು, ಹಾಯಿ ಮಾತ್ರ ಜೀರ್ಣವಾಗಿತ್ತು. ಮಾವ ಹೊಸ ಹಾಯಿಗೆ ಅಪ್ಪನನ್ನೇ ಹಿಡಿದ. ಅಪ್ಪ ಗುಡಾರಕ್ಕೆ ಬಳಸುವ ದಪ್ಪ ಬಿಳಿ ಬಟ್ಟೆ ತರಿಸಿದರು. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಮಿಷಿನ್ ಇಟ್ಟುಕೊಂಡಿದ್ದ ದರ್ಜಿ, ಇಷ್ಟು ದೊಡ್ಡ ಲಂಗ ಯಾರಿಗೆ ಎಂದು ನಗುತ್ತಲೇ ಹೊಲಿದುಕೊಟ್ಟ. ಆಯುಧಪೂಜೆಯ ದಿನ ಮಾವ ಸೈಕಲ್ಲು, ಗುದ್ದಲಿ, ಕುಡುಗೋಲುಗಳ ಜೊತೆಗೆ ಆ ಹಾಯಿಗೂ ಪೂಜೆ ಮಾಡಿ, ಅದರ ಮೂಲೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದಿಟ್ಟ. ಬನ್ನಿ ಹಬ್ಬದ ಮಾರನೆಯ ದಿನ ಅಂಗಡಿಗೆ ರಜೆ. ಅಪ್ಪ ಮತ್ತು ನಾನು ಸೊರಬದ ಬಸ್ಸು ಹತ್ತಿದೆವು.

ನನಗೆ ನೀರೆಂದರೆ ಮೊದಲಿನಿಂದಲೂ ಭಯ. ಈಜು ನನಗೂ ಬಾರದು, ಅಪ್ಪನಿಗೂ ಬಾರದು. ಆ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ಬಾಯಿಮಟ್ಟ ತುಂಬಿತ್ತು. ಏರಿಯ ಒಂದು ತುದಿಯಲ್ಲಿ ಕೋಡಿ ಬಿದ್ದಿತ್ತು. ಹೆಚ್ಚಾದ ನೀರು ಅಲ್ಲಿ ಕಲ್ಲುಕಟ್ಟೆಯ ಮೇಲೆ ಹಾಯ್ದು ಕೆಳಗಿನ ಬಂಡೆಗಳ ಮೇಲೆ ಧುಮುಕುತ್ತಿತ್ತು. ಬಸ್ಸಿಳಿದು ಏರಿ ಹತ್ತುವ ಮೊದಲೇ ಅದರ ಸದ್ದು ಕೇಳಿಸಿತು. ನಾನು ಅಪ್ಪನಿಗಿಂತ ನಾಲ್ಕು ಹೆಜ್ಜೆ ಹಿಂದೆ ಬಿದ್ದೆ. ಆದರೆ ಅಪ್ಪ ಬಿಳಿ ಪಂಚೆ ಉಟ್ಟು, ತಮ್ಮ ಅಂಗಡಿಯ ಬಟ್ಟೆ ಗಾಳಿ ತುಂಬಿಕೊಳ್ಳುವುದನ್ನು ನೋಡಬೇಕೆಂದು ಮದುಮಗನಂತೆ ಸಿದ್ಧರಾಗಿದ್ದರು. ನಾನು ಬರುವುದಿಲ್ಲ ಎನ್ನಲು ನಾಚಿಕೆಯಾಯಿತು.

ದಡದಲ್ಲೇ ಮಾವ ನಮಗೆ ಪಾಠ ಮಾಡಿದ. ಹಾಯಿ ಏರಿಸುವುದು ಯಾರಾದರೂ ಮಾಡುವ ಕೆಲಸ, ಇಳಿಸುವುದರಲ್ಲೇ ಇರುವುದು ಎಲ್ಲ. ಮೊದಲು ಅವನು ಚುಕ್ಕಾಣಿ ತಿರುಗಿಸಿ ದೋಣಿಯ ಮೂತಿಯನ್ನು ಗಾಳಿಗೆ ಎದುರು ಹಿಡಿಯುತ್ತಾನೆ. ಆಗ ಹಾಯಿಯಲ್ಲಿ ಗಾಳಿ ನಿಲ್ಲದೆ ಅದು ಪಟಪಟ ಬಡಿದುಕೊಳ್ಳುತ್ತದೆ. ಅದೇ ಹೊತ್ತಿಗೆ ನಾನು ಹಾಯಿಕಂಬದ ಬುಡದಲ್ಲಿ ಕಟ್ಟಿದ, ಹಾಯಿಯನ್ನು ಮೇಲೆ ಹಿಡಿದಿರುವ ಹಗ್ಗ ಬಿಚ್ಚಿ ಬಿಡಬೇಕು. ಅಪ್ಪ ಬಟ್ಟೆಯನ್ನು ಕೆಳಗೆಳೆದು, ಕಂಬಕ್ಕೆ ಅಡ್ಡಲಾಗಿರುವ ಕೋಲಿಗೆ ಪಟ್ಟಿಯಿಂದ ಕಟ್ಟಬೇಕು. ಅಷ್ಟೆ.

ಗಾಳಿಯೇ ಇಲ್ಲದ ದಡದಲ್ಲಿ ಅಭ್ಯಾಸವೂ ಆಯಿತು. ನಾನು ಹಗ್ಗವನ್ನು ಒಂದೊಂದು ಮೊಳ ಸಡಿಲಿಸಿದೆ. ಅಪ್ಪ ಇಳಿದಷ್ಟು ಬಟ್ಟೆಯನ್ನು ಎಡಕ್ಕೊಂದು ಬಲಕ್ಕೊಂದು ಮಡಿಕೆ ಹಾಕಿ, ಅಂಗೈಯಿಂದ ಸವರಿ, ಕೋಲಿನ ಮೇಲೆ ಒಪ್ಪವಾಗಿ ಪೇರಿಸಿದರು. ಗಾಜಿನ ಕಪಾಟಿನಲ್ಲಿ ಇಡುವ ಹಾಗಿತ್ತು.

"ಕಾರವಾರದಲ್ಲೂ ನಾನು ಇಂಥ ಮಡಿಕೆ ನೋಡಿಲ್ಲ ಕಣ್ರೀ ಭಾವ," ಎಂದ ಮಾವ.

ಅಪ್ಪ ಹಿಗ್ಗಿದರು. ನನಗೂ ಖುಷಿಯಾಯಿತು. ನಮ್ಮ ಮನೆಯ ವಿದ್ಯೆ ದೋಣಿಗೂ ಬಂತಲ್ಲ ಎಂದುಕೊಂಡೆ.

ನೀರಿಗಿಳಿದ ಮೇಲೆ ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿಯೇ ಇತ್ತು. ಹಾಯಿ ಬಸುರಿಯ ಹೊಟ್ಟೆಯಂತೆ ಉಬ್ಬಿತು. ಅಪ್ಪ ತಲೆಯೆತ್ತಿ ಅದನ್ನೇ ನೋಡುತ್ತ, ಹೊಲಿಗೆ ಎಲ್ಲೂ ಎಳೆದಿಲ್ಲ ಎಂದು ದರ್ಜಿಯನ್ನು ಹೊಗಳಿದರು. ನಾನು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು, ಪಕ್ಕದ ಕಪ್ಪು ನೀರನ್ನು ನೋಡಬಾರದೆಂದು ಕೋಡಿಯ ಕಡೆ ನೋಡಿದೆ. ಅದು ಇನ್ನೂ ಕೆಟ್ಟದಾಗಿತ್ತು. ನೀರು ಅಲ್ಲಿ ಗೆರೆ ಎಳೆದಂತೆ ಮುಗಿದು, ಅದರಾಚೆ ಬರೀ ಆಕಾಶ ಕಾಣುತ್ತಿತ್ತು.

ಅಷ್ಟರಲ್ಲಿ ಕ್ಯಾಸನೂರು ಕಾಡಿನ ಕಡೆಯಿಂದ ಮೋಡ ಎದ್ದಿತು. ಚಿತ್ತೆ ಮಳೆ ಹೇಳಿ ಕೇಳಿ ಬರುವುದಿಲ್ಲ. ಬೆಳ್ಳಕ್ಕಿಗಳು ಒಮ್ಮೆಗೇ ಎದ್ದು ನಮ್ಮ ತಲೆಯ ಮೇಲೆ ಹಾರಿಹೋದವು. ಕೆರೆಯ ಆ ದಡದಲ್ಲಿ ನೀರಿನ ಬಣ್ಣ ಬದಲಾಯಿತು, ಆ ಬಣ್ಣ ನಮ್ಮ ಕಡೆಗೇ ಓಡಿ ಬರುತ್ತಿತ್ತು. ಮಾವನ ಮುಖದ ನಗು ಇಂಗಿದ್ದನ್ನು ಕಂಡು ನಾನು ದೋಣಿಯ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದೆ. ಗಾಳಿ ಮಳೆಹನಿಗಳನ್ನು ಹೊತ್ತು ಆ ಕಾಡಿನ ಕಡೆಯಿಂದ ನೇರ ಕೋಡಿಯ ಕಡೆಗೆ ಬೀಸುತ್ತಿತ್ತು.

"ಇಳಿಸ್ಬೇಕು. ಈಗ್ಲೇ," ಎಂದ ಮಾವ. ಚುಕ್ಕಾಣಿ ತಿರುಗಿಸಿ ದೋಣಿಯನ್ನು ಗಾಳಿಗೆ ಎದುರು ನಿಲ್ಲಿಸಿದ. ಹಾಯಿ ಬಡಿದುಕೊಳ್ಳತೊಡಗಿತು. ಹಬ್ಬದ ಪಟಾಕಿ ಸರ ಕಿವಿಯ ಪಕ್ಕದಲ್ಲೇ ಸಿಡಿದ ಹಾಗಿತ್ತು. ನಾನು ಕಂಬದ ಬುಡದಲ್ಲಿ ಮಂಡಿಯೂರಿ ಹಗ್ಗದ ಗಂಟು ಬಿಚ್ಚಿದೆ. ಅಪ್ಪ ಅಡ್ಡಕೋಲಿನ ಪಕ್ಕ ಕಾಲು ಅಗಲಿಸಿ ನಿಂತರು. ನಾವಿಬ್ಬರೂ ಗೊತ್ತಿದ್ದ ಕೆಲಸವನ್ನೇ ಮಾಡಿದೆವು. ನಾನು ಒಂದು ಮೊಳ ಬಿಟ್ಟೆ, ಅಪ್ಪ ಒಂದು ಮಡಿಕೆ ಹಾಕಿದರು. ಇನ್ನೊಂದು ಮೊಳ, ಇನ್ನೊಂದು ಮಡಿಕೆ. ಎರಡನೆಯದು ಗಾಳಿಗೆ ಬಿಚ್ಚಿಕೊಂಡಿತು. ಅಪ್ಪ ಅದನ್ನು ಮತ್ತೆ ಹಿಡಿದು ಅಂಚು ಸರಿಮಾಡತೊಡಗಿದರು.

"ಸಾವಕಾಶ, ಅವ್ವೀ! ಬಿಡಬ್ಯಾಡ, ಹಿಡಕೋ!" ಎಂದರು ನನಗೆ.

"ಬಿಡೇ ಪುಟ್ಟಿ! ಪೂರ್ತಿ ಬಿಡು!" ಮಾವ ಹಿಂದಿನಿಂದ ಕೂಗಿದ. "ಭಾವ, ಮಡಚೋದು ಬ್ಯಾಡ್ರೀ! ಹಂಗೇ ಎಳೀರಿ, ರಾಶಿ ಬೀಳ್ಲಿ!"

"ಕೆಳಗೆಲ್ಲ ಕೆಸರು ಐತೋ! ವಿಭೂತಿ ಹಚ್ಚಿದ ಬಟ್ಟಿ!" ಅಪ್ಪನೂ ಅಷ್ಟೇ ಜೋರಾಗಿ ಕೂಗಿದರು.

ಅರ್ಧ ಇಳಿದ ಹಾಯಿ ಪೂರ್ತಿ ಏರಿದ ಹಾಯಿಗಿಂತ ಅಪಾಯ ಎಂಬುದು ನನಗೆ ಆಗ ತಿಳಿಯಿತು. ಜೋತುಬಿದ್ದ ಬಟ್ಟೆ ಚೀಲದಂತೆ ಗಾಳಿ ತುಂಬಿಕೊಂಡಿತು. ದೋಣಿ ಒಂದು ಪಕ್ಕಕ್ಕೆ ವಾಲಿ, ಮೂತಿ ತಿರುಗಿಸಿ, ಓಡಲು ಶುರುಮಾಡಿತು. ಮಾವ ಚುಕ್ಕಾಣಿಯ ಮೇಲೆ ಮೈಯೆಲ್ಲ ಹೇರಿದರೂ ಅದು ಕೇಳಲಿಲ್ಲ. ನೀರು ಅಂಚು ದಾಟಿ ಒಳಗೆ ಬಂತು. ಕೋಡಿಯ ಸದ್ದು ಈಗ ಹಾಯಿಯ ಸದ್ದನ್ನೂ ಮುಳುಗಿಸಿತ್ತು. ನಾನು ತಿರುಗಿ ನೋಡಿದೆ. ನೀರು ಮುಗಿಯುವ ಆ ಗೆರೆ ಹತ್ತಿರವಾಗಿತ್ತು. ಸಾಯುತ್ತೇವೆ ಎಂದು ನನಗೆ ಅನುಮಾನವಿಲ್ಲದೆ ಅನ್ನಿಸಿತು. ಬಂಡೆಯ ಮೇಲೆ ಅಪ್ಪನ ಬಿಳಿ ಪಂಚೆ ಹರಡಿಕೊಂಡಂತೆ ಕಣ್ಣಿಗೆ ಕಟ್ಟಿತು.

"ಬಿಡು!"

"ಬಿಡಬ್ಯಾಡ!"

ನನ್ನ ಕೈ ಅಪ್ಪನ ಮಾತನ್ನೇ ಕೇಳುತ್ತಿತ್ತು. ಮನಸ್ಸು ಬಿಡು ಎಂದರೂ ಬೆರಳು ಬಿಚ್ಚಿಕೊಳ್ಳುತ್ತಿರಲಿಲ್ಲ. ಬಟ್ಟೆಯ ವಿಷಯದಲ್ಲಿ ಅಪ್ಪನ ಮಾತು ಮೀರಿದ್ದು ನನಗೆ ನೆನಪಿಲ್ಲ. ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ, ಅವರ ಕಣ್ಣೆಲ್ಲ ಅಂಚಿನ ಮೇಲಿತ್ತು. ಅವರಿಗೂ ಹೆದರಿಕೆಯಾಗಿದೆ, ಅದಕ್ಕೇ ಮಡಚುತ್ತಿದ್ದಾರೆ ಎಂದು ಹೇಗೋ ನನಗೆ ಹೊಳೆಯಿತು. ನನಗೆ ರೇಗಿಹೋಯಿತು. ಅಳುತ್ತಲೇ ಹಗ್ಗ ಬಿಟ್ಟುಬಿಟ್ಟೆ.

ಹಾಯಿ ಧಡ್ಡನೆ ಬಿತ್ತು. ಬಿದ್ದದ್ದು ಅಪ್ಪನ ಮೇಲೆ. ಒಂದು ಕ್ಷಣ ದೋಣಿಯಲ್ಲಿ ಅಪ್ಪನೇ ಇರಲಿಲ್ಲ, ಬಿಳಿ ಬಟ್ಟೆಯ ರಾಶಿಯೊಂದೇ ಇತ್ತು. ಅದರ ಒಂದು ತುದಿ ನೀರಿಗೆ ಜಾರಿತ್ತು. ಅಪ್ಪನೂ ಅದರ ಜೊತೆಗೇ ಜಾರಿದರು ಎಂದೇ ನಾನು ತಿಳಿದೆ. "ಅಪ್ಪಾ!" ಎಂದು ಕಿರುಚಿ, ಕೆಸರುಗಾಲಿನಲ್ಲೇ ಹಾಯಿಯ ಮೇಲೆ ನಡೆದೆ. ನಡೆದೆ ಎನ್ನುವುದಕ್ಕಿಂತ ಅದನ್ನು ತುಳಿದುಕೊಂಡು ಓಡಿದೆ ಎನ್ನಬೇಕು. ಪಾದಕ್ಕೆ ಗಟ್ಟಿಯಾದದ್ದೇನೋ ಸಿಕ್ಕಿತು. ಅಪ್ಪನ ಮೊಣಕಾಲು. ಅದನ್ನು ಬಟ್ಟೆಯ ಸಮೇತ ತಬ್ಬಿ ಹಿಡಿದೆ.

ಬಟ್ಟೆಯಡಿಯಿಂದ ಅಪ್ಪನ ತಲೆ ಹೊರಬಂತು. ಕನ್ನಡಕ ಎಲ್ಲೋ ಬಿದ್ದುಹೋಗಿತ್ತು. ಹಾಯಿ ಮತ್ತೆ ಗಾಳಿಗೆ ಏಳಲು ನೋಡುತ್ತಿತ್ತು.

"ಅದ್ರ ಮೇಲೆ ಬೀಳ್ರೀ ಭಾವ! ಕೂತ್ಕಳ್ರೀ ಅದ್ರ ಮೇಲೆ!"

ಅಪ್ಪ ನನ್ನ ಮುಖ ನೋಡಿದರು. ನನ್ನ ಪಾದ ನೋಡಿದರು. ಆಮೇಲೆ ಎರಡೂ ಕಾಲನ್ನು ಹಾಯಿಯ ಮೇಲೆ ಊರಿ, ಧೊಪ್ಪನೆ ಅದರ ಮೇಲೆ ಕೂತು, ಉಳಿದದ್ದನ್ನು ಎದೆಯಡಿ ಹಾಕಿಕೊಂಡು ಬೋರಲಾಗಿ ಮಲಗಿಬಿಟ್ಟರು.

ದೋಣಿಯ ಓಟ ತಗ್ಗಿತು. ಮಾವ ಒಂದು ಹುಟ್ಟನ್ನು ನನಗೆ ಎಸೆದು ಇನ್ನೊಂದನ್ನು ತಾನು ಹಿಡಿದ. ಗಾಳಿ ಇನ್ನೂ ಕೋಡಿಯತ್ತಲೇ ತಳ್ಳುತ್ತಿತ್ತು. ನಾವು ಅಡ್ಡಲಾಗಿ ಏರಿಯ ಬದಿಗೆ ಹುಟ್ಟು ಹಾಕಿದೆವು. ನಾನು ಅಳುತ್ತ, ಬೈಯುತ್ತ ಹಾಕಿದೆ. ಯಾರನ್ನು ಬೈದೆನೋ ಗೊತ್ತಿಲ್ಲ. ಕೊನೆಗೆ ದೋಣಿಯ ಮೂತಿ ಜೊಂಡಿನೊಳಗೆ ಸಿಕ್ಕಿಕೊಂಡು ನಿಂತಿತು. ಕೋಡಿಯ ನೀರು ಧುಮುಕುವ ಜಾಗದ ಹನಿಗಳು ಅಲ್ಲಿಗೂ ಹಾರಿ ಬಂದು ಮುಖಕ್ಕೆ ತಾಗುತ್ತಿದ್ದವು.

ಮಳೆ ಬಂದಷ್ಟೇ ಬೇಗ ಹೋಯಿತು. ಏರಿಯ ಮೇಲೆ ಕೂತ ಮೇಲೆ ನನ್ನ ಹಲ್ಲು ಕಟಕಟ ಎನ್ನತೊಡಗಿದವು. ಮಾವ ಒಂದು ಕಲ್ಲಿನ ಮೇಲೆ ಕೂತು, ತಲೆ ಬಗ್ಗಿಸಿ, ನೀರನ್ನೇ ನೋಡುತ್ತಿದ್ದ. ಅಪ್ಪ ಮಾತ್ರ ಎದ್ದು ಹಾಯಿಯನ್ನು ಹುಲ್ಲಿನ ಮೇಲೆ ಎಳೆದು ಹರಡಿದರು. ನೀರಿಗೆ ಜಾರಿದ್ದ ಮೂಲೆಯ ವಿಭೂತಿ ತೊಳೆದುಹೋಗಿತ್ತು. ನಟ್ಟನಡುವೆ ನನ್ನ ಕೆಸರುಪಾದದ ಗುರುತುಗಳಿದ್ದವು, ಅವುಗಳ ಪಕ್ಕದಲ್ಲಿ ಅಪ್ಪನವೂ ಇದ್ದವು. ಬೈಗುಳ ಬರುತ್ತದೆ ಎಂದು ನಾನು ಕಾದೆ. ಕೆರೆಯಲ್ಲಿ ಹೆದರಿದ್ದಕ್ಕಿಂತ ಆಗ ಸ್ವಲ್ಪ ಕಮ್ಮಿ ಹೆದರಿದ್ದೆ, ಆದರೂ ಹೆದರಿದ್ದೆ.

"ಬಾ, ಹಿಡಿ," ಎಂದರು ಅಪ್ಪ.

ನಾನು ನನ್ನ ತುದಿ ಹಿಡಿದೆ. ಅವರು ತಮ್ಮ ತುದಿ ಹಿಡಿದು ನನ್ನತ್ತ ಬಂದರು. ಅಂಚು ಅಂಚಿಗೆ ಕೂಡಲಿಲ್ಲ, ಒಂದು ಗೇಣು ಹೊರಗೇ ಉಳಿಯಿತು. ಮತ್ತೆ ಬಿಚ್ಚು ಎನ್ನುತ್ತಾರೆಂದು ನಾನು ಹಿಂದೆ ಸರಿದೆ. ಅಪ್ಪ ಹಾಗೆನ್ನಲಿಲ್ಲ. ಬಟ್ಟೆಯ ಸಮೇತ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು.

"ಇನ್ನೊಮ್ಮೆ ನಾ ಬಿಡಬ್ಯಾಡ ಅಂದ್ರ," ಎಂದರು, "ನೀ ಬಿಟ್ಬಿಡು, ಅವ್ವೀ. ನನ್ನ ಮಾತು ಕೇಳಬ್ಯಾಡ."

ಆಮೇಲೆ ಆ ಹಾಯಿಯನ್ನು ಹಾಗೇ ಸೊಟ್ಟಗೆ ಸುತ್ತಿ ಮಾವನ ಕೈಗೆ ಕೊಟ್ಟರು.