ಸಾಹೇಬರ ಬೂಟು, ಅವ್ವನ ಬಲಗಣ್ಣು

ಆಗ ನಾನು ಗೋಕಾಕದ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಔಷಧ ಅರೆಯುವುದು, ಪಟ್ಟಿ ಕಟ್ಟುವುದು ನನ್ನ ಕೆಲಸ. ಒಂದಿಷ್ಟು ಇಂಗ್ಲಿಷು ಕಲಿತಿದ್ದೆನಾದ್ದರಿಂದ, ಹೊರಗಿನವರು ಯಾರಾದರೂ ಬಂದರೆ ಮಾತು ದಾಟಿಸುವ ಕೆಲಸವೂ ನನ್ನ ಕೊರಳಿಗೇ ಬೀಳುತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ ವಿಲಾಯತಿಯ ಕಣ್ಣಿನ ಡಾಕ್ಟರರೊಬ್ಬರು ಬಂದರು. ರೋಗಿಗಳ ಸಾಲು ಮುಗಿಸಲು ಬಂದವರಲ್ಲ. ತಮಗೆ ಗೊತ್ತಿದ್ದುದನ್ನು ನಮ್ಮ ಕಡೆಯ ಡಾಕ್ಟರರಿಗೆ ಹೇಳಿಕೊಡುತ್ತ ಊರಿಂದೂರಿಗೆ ಹೋಗುತ್ತಿದ್ದವರು. ಅವರ ಮಾತು ಕೇಳಲು ಹುಕ್ಕೇರಿ, ಮೂಡಲಗಿ ಕಡೆಯಿಂದ ಡಾಕ್ಟರರು ಚಕ್ಕಡಿ ಹೂಡಿಸಿಕೊಂಡು ಬಂದರು. ಅಲ್ಲಿಯವರೆಗೆ ನಮ್ಮಲ್ಲಿ ಕಣ್ಣಿಗೆ ಪೊರೆ ಬಂದರೆ ಸಂತೆಗೆ ಬರುವ ಸೂಜಿಯವರೇ ಗತಿ. ಅವರು ಸೂಜಿ ಚುಚ್ಚಿ ಪೊರೆಯನ್ನು ಕಣ್ಣೊಳಗೇ ಕೆಳಕ್ಕೆ ನೂಕಿ, ‘ಕಾಣ್ತೈತಿಲ್ಲೋ?’ ಎಂದು ಕೇಳಿ, ಆ ಕಣ್ಣು ಕೀವಾಗುವ ಹೊತ್ತಿಗೆ ಬೇರೆ ಊರಿನ ಸಂತೆಯಲ್ಲಿರುತ್ತಿದ್ದರು.

ಮೊದಲ ದಿನ ಸಾಹೇಬರು ಕರಿಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದು ವಿವರಿಸಿದರು. ಎರಡನೆಯ ದಿನ ರೋಗಿಯೊಬ್ಬರ ಮೇಲೆ ಮಾಡಿ ತೋರಿಸುವುದಿತ್ತು. ಆ ರೋಗಿ ನಮ್ಮ ಅವ್ವ.

ಅವ್ವ ಮೇಲವಂಕಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಎರಡೂ ಕಣ್ಣಿಗೆ ಪೊರೆ. ಮೂರು ವರ್ಷದಿಂದ ನನ್ನನ್ನು ಹೆಜ್ಜೆಯ ಸಪ್ಪಳದಿಂದಲೇ ಗುರುತಿಸುತ್ತಿದ್ದಳು. ನಮ್ಮ ಡಾಕ್ಟರರನ್ನು ಕಾಡಿ ಬೇಡಿ ಅವಳನ್ನು ಆರಿಸುವಂತೆ ಮಾಡಿದವನು ನಾನೇ.

“ಡಾಕ್ಟರ್ ಮಂದಿ ಎಲ್ಲಾ ಸುತ್ತ ನಿಂತ ನೋಡತಾರಂತಲ್ಲೋ, ಖರೇನು?” ಎಂದು ಕೇಳಿದಳು.

“ಹೌದಬೇ.”

“ಹಂಗಾದ್ರ ಚೊಲೋ ಸೀರಿ ತಗಿ. ನನಗ ಅವರು ಕಾಣದಿದ್ರೂ ಅವರಿಗೆ ನಾ ಕಾಣ್ತೇನಲ್ಲ.”

ಸಾಹೇಬರ ಕೈ ಬಹಳ ಹಗುರ. ಬಲಗಣ್ಣಿನ ಪೊರೆಯನ್ನು ತೆಗೆದು ಎತ್ತಿ ತೋರಿಸಿದರು. ಬೆಂದ ಬೇಳೆಯಷ್ಟಿತ್ತು. ಡಾಕ್ಟರರೆಲ್ಲ ಬಗ್ಗಿ ನೋಡಿದರು. ‘ತೆಗೆಯುವುದು ದೊಡ್ಡದಲ್ಲ, ಕಾಯುವುದು ದೊಡ್ಡದು’ ಎಂದು ಸಾಹೇಬರು ಹೇಳಿದರು. ಆ ಗಾಯಕ್ಕೆ ಹೊಲಿಗೆ ಇರಲಿಲ್ಲ. ಹತ್ತು ದಿನ ಎರಡೂ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬಾಜೂ ಉಸುಕಿನ ಚೀಲ, ಅಂಗಾತ ಮಲಗಿಯೇ ಇರಬೇಕು.

“ಕೆಮ್ಮಬ್ಯಾಡಂತ, ಏಳಬ್ಯಾಡಂತ, ಬಗ್ಗಬ್ಯಾಡಂತ,” ಎಂದು ಅವ್ವನಿಗೆ ಹೇಳಿದೆ.

“ಉಸಿರಾಡಬೇಕೋ ಬ್ಯಾಡೋ, ಅದೊಂದ ಕೇಳಿಬಿಡ.” ಆಮೇಲೆ ದನಿ ತಗ್ಗಿಸಿ, “ಮತ್ತ ಲಿಂಗಪೂಜಿ?” ಎಂದಳು.

ಅದನ್ನೂ ಕೇಳಿದೆ. ಸಾಹೇಬರು ಒಂದು ಗಳಿಗೆ ಯೋಚಿಸಿ, ಮಲಗಿದಲ್ಲೇ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಎದೆಯ ಮೇಲೆ ಪೂಜೆ ಮಾಡಿಕೊಳ್ಳಲಿ, ತಲೆ ಎತ್ತುವುದು ಬೇಡ ಎಂದರು. ಡಾಕ್ಟರರು ಅದನ್ನೂ ಬರೆದುಕೊಂಡರು. ಎಲ್ಲವನ್ನೂ ಯೋಚಿಸಿಯಾಯಿತೆಂದು ಎಲ್ಲರಿಗೂ ಅನ್ನಿಸಿತ್ತು.

ಐದನೆಯ ದಿನ ಬೆಳಿಗ್ಗೆ ಸಾಹೇಬರು ಹೊರಟರು. ಹೊರಡುವ ಮುಂಚೆ ಅವ್ವನ ಪಟ್ಟಿ ಬಿಚ್ಚಿ ನೋಡಿದರು. ಕಣ್ಣು ತಿಳಿಯಾಗಿತ್ತು. ಅವ್ವ, “ಬೆಳ್ಳಗ ಏನೋ ಅಳ್ಳಾಡಾಕತ್ತೈತಿ. ಅಂಗಿ ಏನು?” ಎಂದಳು. ಸಾಹೇಬರ ಅಂಗಿಯೇ ಅದು. ಡಾಕ್ಟರರು ನಕ್ಕರು. ಸಾಹೇಬರು ಮತ್ತೆ ಪಟ್ಟಿ ಕಟ್ಟಿದ ಮೇಲೆ ನಮ್ಮ ಡಾಕ್ಟರರು ಸಾಹೇಬರಿಗೆ ಮಾಲೆ ಹಾಕಿದರು. ಕೊರಳಲ್ಲಿ ಚೆಂಡುಹೂವಿನ ಮಾಲೆಯಿದ್ದಂತೆಯೇ ಸಾಹೇಬರು ಅವ್ವನ ಮಂಚದ ಹತ್ತಿರ ನಿಂತು, ಹೋಗಿಬರುತ್ತೇನೆಂದು ಹೇಳು ಎಂದು ನನಗೆ ಹೇಳಿದರು.

ನೋಡಿ, ನಮ್ಮ ಮನೆಯಲ್ಲಿ ದೊಡ್ಡವರು ಹೊರಟು ನಿಂತರೆ ಕಾಲು ಮುಟ್ಟದೆ ಕಳಿಸುವ ಪದ್ಧತಿಯಿಲ್ಲ. ನಾನಿನ್ನೂ ಮಾತು ಕಲಿಯುವ ಮುಂಚೆಯೇ ಅವ್ವ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ ಕಲಿಸಿದ್ದು ಅದು. ನನ್ನ ಬಾಯಿಂದ ತಾನಾಗಿಯೇ ಹೊರಬಿತ್ತು:

“ಅವ್ವಾ, ಸಾಹೇಬರು ಹೊಂಟಾರ. ನಮಸ್ಕಾರ ಮಾಡ.”

ಅವ್ವ ಎದ್ದಳು. ಉಸುಕಿನ ಚೀಲ ಕೆಳಗೆ ಬಿತ್ತು. ಮಂಚದಿಂದ ಇಳಿದು, ಬಗ್ಗಿ, ಎರಡೂ ಕೈಯಿಂದ ನೆಲ ತಡವರಿಸುತ್ತ ಸಾಹೇಬರ ಬೂಟು ಹುಡುಕಿದಳು. ಅವಳ ಬೆರಳು ಬೂಟಿನ ಲಾಡಿಗೆ ತಾಗಿದ್ದು ನನಗೆ ಈಗಲೂ ಕಾಣುತ್ತದೆ. ಸಾಹೇಬರು ಕೂಗಿ ಹಿಂದೆ ಸರಿದರು. ಅವ್ವ ಹಣೆಯನ್ನು ನೆಲಕ್ಕೆ ಹಚ್ಚಿ ಆಗಿತ್ತು.

“ಯಪ್ಪಾ, ಕಣ್ಣಾಗ ಏನೋ ಬಿಸಿ ಹರದಂಗಾತು.”

ಪಟ್ಟಿ ಬಿಚ್ಚಿದಾಗ ಗಾಯ ಬಾಯಿ ಬಿಟ್ಟಿತ್ತು, ಕಣ್ಣಿನ ಒಳಗಿನದು ಹೊರಗೆ ಬಂದಿತ್ತು. ಸಾಹೇಬರು ಬಹಳ ಹೊತ್ತು ಏನೇನೋ ಮಾಡಿ ಕೊನೆಗೆ ಕೈ ತೊಳೆದುಕೊಂಡರು. ಆಮೇಲೆ ಡಾಕ್ಟರರನ್ನು ಹತ್ತಿರ ಕರೆದು ಹೀಗಾದರೆ ಹೇಗಿರುತ್ತದೆ ಎಂದು ತೋರಿಸಿದರು. ಅದೂ ಪಾಠವೇ. ನನ್ನ ಕಡೆ ತಿರುಗಿ, ಏಳಲು ಯಾರು ಹೇಳಿದರು ಕೇಳು ಎಂದರು.

ಕೇಳಿದೆ. ಬೇರೆ ಯಾರದೋ ತಾಯಿಯನ್ನು ಕೇಳಿದ ಹಾಗೆ ಕೇಳಿದೆ.

“ಯಾರ ಏಳಂದ್ರಂತ ಕೇಳತಾರ.”

ಅವ್ವ ನನ್ನ ದನಿಯ ಕಡೆ ಮುಖ ತಿರುಗಿಸಿದಳು. “ಯಾರೂ ಹೇಳಲಿಲ್ಲಂತ ಹೇಳ. ನಾನ ಎದ್ನಿ. ಮುದುಕಿ ಬುದ್ಧಿ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಡಾಕ್ಟರರು ಬರೆದುಕೊಂಡರು. ಆ ಮಧ್ಯಾಹ್ನ ಎಂದಿನಂತೆ ಔಷಧದ ಬಾಟಲಿ ತುಂಬಿದೆ, ಎಂದಿನಂತೆ ರೊಟ್ಟಿ ತಿಂದೆ. ರುಚಿಯೂ ಎಂದಿನದೇ.

ಸಾಹೇಬರು ಮುಂದಿನ ಊರಿನಿಂದ ನಮ್ಮ ಡಾಕ್ಟರರಿಗೆ ಪತ್ರ ಬರೆದಿದ್ದರು. ಈಗ ಎಲ್ಲಿ ಹೋದರೂ ಮೊದಲು ಕಾಲು ಮುಟ್ಟುವ ವಿಷಯ ಹೇಳುತ್ತೇನೆ, ಇದನ್ನು ನಿಮ್ಮಲ್ಲಿ ಕಲಿತೆ ಎಂದಿತ್ತು. ಡಾಕ್ಟರರು ಅದನ್ನು ಓದಿ ಮಡಚಿದರು.

“ನೀ ‘ನಮಸ್ಕಾರ ಮಾಡ’ ಅಂದದ್ದು ನಾನೂ ಕೇಳಿದ್ನೋ,” ಎಂದರು. “ಅಲ್ಲೇ ಬಾಜೂಕ ನಿಂತಿದ್ನಿ. ಹುಕ್ಕೇರಿಯವರೂ ಇದ್ರು. ಒಬ್ಬರಿಗಾದ್ರೂ ತಪ್ಪ ಅನಸಲಿಲ್ಲ ನೋಡ. ಆಕಿ ಎದ್ದು ಬಗ್ಗೋತನಕ ನಾ ‘ಚೊಲೋ ಹೇಳಿದ ಹುಡುಗ’ ಅನಕೊಂಡಿದ್ನಿ.”

ಅದನ್ನು ಕೇಳಿ ಹಗುರಾಗಬೇಕಿತ್ತು. ಆಗಲಿಲ್ಲ.

ಎಡಗಣ್ಣು ಉಳಿದಿತ್ತು. ಬೇಸಿಗೆಗೆ ಮುಂಚೆ ನಮ್ಮ ಡಾಕ್ಟರರೇ ಮಾಡುತ್ತೇನೆಂದರು. ಕಲಿತ ಮೇಲೆ ಅವರ ಕೈಯ ಮೊದಲನೆಯ ಕಣ್ಣು ಅದು. ಹಿಂದಿನ ರಾತ್ರಿ ನಿದ್ದೆ ಬಂದಿಲ್ಲವೆಂದು ನನ್ನೆದುರು ಒಪ್ಪಿಕೊಂಡರು. ಅವ್ವ ಮಾತ್ರ, “ನನ್ನ ಕೈಯೆರಡೂ ಮಂಚಕ್ಕ ಕಟ್ಟಿಬಿಡ್ರಿ ಡಾಕ್ಟರ್ ಸಾಹೇಬರ, ಅವಕ್ಕ ಚಾಳಿ ಕೆಟ್ಟದೈತಿ,” ಎಂದು ನಗಿಸಿದಳು. ಹರಕು ಸೀರೆಯ ಅಂಚಿನಿಂದ ನಾನೇ ಕಟ್ಟಿದೆ. ಹತ್ತು ದಿನ ತಲೆಯ ಹತ್ತಿರ ಕುಳಿತೆ. ನೋಡಲು ಬಂದ ಬೀಗರೊಬ್ಬರು ಹೊರಟಾಗ ಅವ್ವನ ಭುಜ ಎದ್ದದ್ದು ಕಂಡಿತು, ಒತ್ತಿ ಹಿಡಿದೆ.

ಈ ಸಲ ಕಣ್ಣು ಉಳಿಯಿತು. ದಪ್ಪ ಗಾಜಿನ ಚಾಳೀಸು ಬರುವವರೆಗೆ ಎಲ್ಲ ಮಸುಕು, ಬಂದ ಮೇಲೆ ಎದುರಿನ ಗೋಡೆಯ ಬಿರುಕನ್ನೂ ಎಣಿಸಿದಳು.

ಮೇಲವಂಕಿಗೆ ಹೊರಟ ದಿನ ಅಣ್ಣ ಚಕ್ಕಡಿ ತಂದಿದ್ದ. ನಾನು ಕಾಲು ಮುಟ್ಟಲು ಬಗ್ಗಿದೆ. ಅವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು.

“ಬ್ಯಾಡ. ನೆಟ್ಟಗ ನಿಂದರ. ಮಾರಿ ನೋಡ್ತೇನಿ.”

ನಿಂತೆ. ಒಂದು ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ಅಂದು ಯಾಕೆ ‘ಯಾರೂ ಹೇಳಲಿಲ್ಲ’ ಅಂದಿ ಎಂದು ಅವಳನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ.

“ಸೊರಗೀಯಲ್ಲೋ,” ಎಂದು ಚಕ್ಕಡಿ ಹತ್ತಿದಳು.