ಎರಡು ಮಿಲಿಮೀಟರಿನ ಹೆಮ್ಮೆ

ಕಣ್ಣಿನ ಡಾಕ್ಟರರ ನಾಲಗೆಯ ಮೇಲೆ ದೇವರ ನಾಮಕ್ಕಿಂತ ಹೆಚ್ಚಾಗಿ ನಲಿದಾಡುವುದು ಅವರು ಕೊಯ್ಯುವ ಗಾಯದ ಅಳತೆ. "ಹೊಲಿಗೆ ಬೇಕಾದ್ರೆ ಟೈಲರ್ ಹತ್ರ ಹೋಗಿ, ನಂದು ಎರಡೇ ಮಿಲಿಮೀಟರ್!" ಎಂದು ನಗಿಸುತ್ತಲೇ ಪೊರೆ ತೆಗೆದು, ಮಡಚಿದ ಲೆನ್ಸನ್ನು ಆ ಕಿಂಡಿಯಲ್ಲಿ ತೂರಿಸಿ ಮೀಸೆ ತಿರುವುತ್ತಾರೆ. ತಮ್ಮನ್ನು ಸಾಕಿ ಓದಿಸಿದ ಅಕ್ಕನ ಕಣ್ಣಿನಲ್ಲಿ ಮಾತ್ರ ಲೆನ್ಸ್ ಸಿಕ್ಕಿಕೊಂಡಿತು. ಗಾಯವನ್ನು ಕೂದಲೆಳೆಯಷ್ಟು ಅಗಲಿಸಲು ಹೆಮ್ಮೆ ಒಪ್ಪಲಿಲ್ಲ. ಒತ್ತಿ ತಳ್ಳಿದರು, ಲೆನ್ಸಿನ ನಟ್ಟನಡುವೆ ಬಿರುಕು ಬಿತ್ತು. ಅದನ್ನು ತೆಗೆಯಬೇಕಾದರೆ ಗಾಯ ದೊಡ್ಡದಾಗಬೇಕು, ಹೊಲಿಗೆ ಬೀಳಬೇಕು. ಹಾಗಾಗಿ ಬಿರುಕು ಬಿಟ್ಟ ಲೆನ್ಸನ್ನು ಅಲ್ಲಿಯೇ ಬಿಟ್ಟರು. ಈಗ ಬಿರುಕಿನಲ್ಲಿ ಬೆಳಕು ಚದುರಿ, ದೀಪ ಕಂಡರೂ ಕಣ್ಣು ಮುಚ್ಚಿಕೊಳ್ಳುವ ಅಕ್ಕ, "ನಿನ್ನ ಕೈಗುಣ ಬಂಗಾರ ಕಣೋ, ಹಾಳಾದ್ದು ನನ್ನ ಕಣ್ಣೇ ಸರಿಯಿಲ್ಲ, ಅಲ್ವಾ?" ಎನ್ನುತ್ತಾಳೆ. ಡಾಕ್ಟರರು, ಭಗವಂತ ಕ್ಷಮಿಸಲಿ, ಹೌದೆಂದು ತಲೆಯಾಡಿಸುತ್ತಾರೆ.