ದೋಣಿಮನೆಯ ಗಚ್ಚಿನ ಚಾಚಾ

ಅವರ ಹತ್ತು ಬೆರಳುಗಳಲ್ಲಿ ಒಂದಕ್ಕೂ ಗೆರೆ ಇರಲಿಲ್ಲ. ಜೀವಮಾನವೆಲ್ಲ ಸುಣ್ಣ ಕಲಸಿ ಕಲಸಿ ತುದಿಗಳು ಹುಣಸೆ ಬೀಜದ ಹಾಗೆ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ ಅವರ ಹೆಬ್ಬೆರಳನ್ನು ಒಲ್ಲೆ ಅನ್ನುತ್ತಿತ್ತು. "ಆ ಮಶೀನಿನ ಪಾಲಿಗೆ ನಾ ಹುಟ್ಟೇ ಇಲ್ಲರಿ ಮಾಸ್ತರ," ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಇವತ್ತಿಗೂ ಅವರನ್ನು ನೆನೆದರೆ ಮೊದಲು ಬರುವುದು ಸಿಟ್ಟೇ. ಅದರಲ್ಲಿ ಹೆಚ್ಚಿನ ಪಾಲು ನನ್ನ ಮೇಲಿನದು.

ಇಟ್ಟಂಗಿಹಾಳದ ಕಡೆ ಹೋಗುವ ದಾರಿಯಲ್ಲಿ ಹಳೆಯ ಕೆರೆಯ ದಂಡೆಗೆ ಒಂದು ಕಲ್ಲಿನ ದೋಣಿಮನೆ ಇದೆ. ಹಿಂದೆ ನೀರಿನಿಂದ ನೇರ ಒಳಗೇ ದೋಣಿ ತಂದು ಕಟ್ಟುತ್ತಿದ್ದರಂತೆ. ನಮ್ಮ ಕಾಲಕ್ಕೆ ಅಲ್ಲಿ ಬಾವಲಿಗಳಿದ್ದವು, ಇಸ್ಪೀಟು ಆಡುವವರಿದ್ದರು. ಅದನ್ನು ದುರಸ್ತಿ ಮಾಡಿಸಿ ಜನರಿಗೆ ಬಿಡಬೇಕೆಂದು ಜಲನಗರದ ನಾವು ಕೆಲವರು ಸಮಿತಿ ಕಟ್ಟಿಕೊಂಡೆವು. ಬಟ್ಟೆ ಒಗೆಯಲು ಬರುವ ಹೆಂಗಸರಿಗೆ ನೆರಳು, ಮಕ್ಕಳಿಗೆ ಓದಲು ಒಂದು ಕೋಣೆ, ಇಷ್ಟೇ ನಮ್ಮ ಆಸೆ. ಶಾಲೆ ಮಾಸ್ತರನಾದ ನಾನು ಕಾರ್ಯದರ್ಶಿ. ಹಳೆಯ ಗಚ್ಚು, ಅಂದರೆ ಸುಣ್ಣದ ಗಾರೆ, ಅರೆಯಬಲ್ಲವರು ಇವರೊಬ್ಬರೇ ಸಿಕ್ಕರು. ಎಲ್ಲರಿಗೂ ಅವರು ಗಚ್ಚಿನ ಚಾಚಾ.

ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ಕೊಳೆಹಾಕಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಅರೆಯುತ್ತಿದ್ದರು. ಚಿಟಿಕೆಯಷ್ಟು ಬೆರಳಲ್ಲಿ ತಿಕ್ಕಿ ನೋಡಿ, ಕರಕರ ಎಂದರೆ ಮತ್ತೆ ಅರೆಯುವುದೇ. ಉದ್ಘಾಟನೆ ಹತ್ತಿರ ಬಂತೆಂದು, ದುರಸ್ತಿಯ ಉಸ್ತುವಾರಿಗೆ ಸರಕಾರ ಕಳಿಸಿದ್ದ ಎಂಜಿನಿಯರು ಕುಣಿದಾಡಿದರೆ, "ಅವಸರ ನಿಮಗ ಐತ್ರಿ ಸಾಹೇಬ್ರ, ಸುಣ್ಣಕ್ಕಿಲ್ಲ," ಎನ್ನುತ್ತಿದ್ದರು.

ಒಮ್ಮೆ ಅವರು ಕನಮಡಿಗೆ, ಮಗಳ ಮನೆಗೆ ಹೋದರು. ಎಂಜಿನಿಯರು ಅದನ್ನೇ ಕಾಯುತ್ತಿದ್ದವನಂತೆ ಆಳುಗಳನ್ನು ಕರೆಸಿ ನೀರಿನ ಕಡೆಯ ಗೋಡೆಗೆಲ್ಲ ಸಿಮೆಂಟು ಮೆತ್ತಿಸಿಬಿಟ್ಟ. ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು ಹಳೆಯ ಗೋಡೆ ಹಾಳಾಗುತ್ತದೆಂದು ಚಾಚಾ ನನ್ನೆದುರು ನೂರು ಸಲ ಬಡಕೊಂಡಿದ್ದರು. ಆದರೂ ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಚಹಾ ಕುಡಿದೆ. ಸಾಲದ್ದಕ್ಕೆ "ನೀವು ತಿಳಿದವರು" ಎಂದು ಅವನಿಗೆ ಹೇಳಿದೆ ಬೇರೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ನಾಲ್ಕು ದಿನದ ಮೇಲೆ ಬಂದ ಚಾಚಾ ಗೋಡೆಯ ಮೇಲೆ ಅಂಗೈ ಇಟ್ಟು ನಿಂತರು. ಎಂಜಿನಿಯರನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದರು.

"ಮಾಸ್ತರ, ಇದನ್ನ ಮೆತ್ತೂವಾಗ ಇಲ್ಲೆ ಯಾರಿದ್ರು?"

ನಾನು ಕೆರೆಯ ಕಡೆ ಮುಖ ತಿರುಗಿಸಿದೆ.

"ನೀವ ಇದ್ರಿ ಅಲ್ಲ?"

ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನವೇ ಉಳಿ, ಸುತ್ತಿಗೆ ಹಿಡಿದು ಸಿಮೆಂಟನ್ನು ಕೆತ್ತತೊಡಗಿದರು. ಕಲ್ಲಿಗೆ ಪೆಟ್ಟಾಗಬಾರದು, ಹಾಗಾಗಿ ದಿನಕ್ಕೆ ಎರಡು ಮೊಳ ಮುಗಿದರೆ ಹೆಚ್ಚು. ಎರಡನೆಯ ದಿನ ನನ್ನ ಕೈಗೂ ಒಂದು ಉಳಿ ಕೊಟ್ಟರು. "ಹಿಡೀರಿ. ಕುಂತು ನೋಡಿದ್ದು ಸಾಕು." ಶಾಲೆ ಬಿಟ್ಟ ಮೇಲೆ ದಿನಾ ಹೋದೆ. ಉದ್ಘಾಟನೆ ಮುಂದಕ್ಕೆ ಹೋಯಿತು. ಆ ಧೂಳಿಗೆ ಚಾಚಾಗೆ ಕೆಮ್ಮು ಹತ್ತಿಕೊಂಡಿತು. ಕೆಮ್ಮುತ್ತಲೇ ಆ ಗೋಡೆಗೆ ಮತ್ತೆ ಗಚ್ಚು ಬಳಿದರು. ದವಾಖಾನೆಗೆ ನಡೆಯಿರಿ ಎಂದರೆ, "ಗ್ವಾಡಿ ಒಣಗ್ಲಿ ತಡೀರಿ," ಎಂದರು. ಗೋಡೆ ಒಣಗಿತು. ಅದೇ ವಾರ ಅವರು ತೀರಿಕೊಂಡರು.

ಉದ್ಘಾಟನೆಯ ಫಲಕದಲ್ಲಿ ಹಾರ ಹಾಕಿಸಿಕೊಂಡವರ ಹೆಸರೆಲ್ಲ ಇತ್ತು, ಚಾಚಾನದು ಇರಲಿಲ್ಲ. ಅತಿಥಿಗಳ ಕಾರು ಹೋದದ್ದೇ ತಡ, ಎಂಜಿನಿಯರು ಬಾಗಿಲಿಗೆ ಬೀಗ ಹಾಕಿಸಿದ. ಕೇಳಿದರೆ, "ದೊಡ್ಡವ್ರು ಬಂದಾಗ ತೆಗೀತೀವ್ರಿ" ಅಂತೆ! ಒಗೆಯಲು ಬಂದ ಹೆಂಗಸರು ಎಂದಿನಂತೆ ಬಿಸಿಲಲ್ಲೇ ಕೂತರು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಚಾಚಾ ಕೊಟ್ಟ ಉಳಿಯಿಂದಲೇ ಆ ಬೀಗ ಒಡೆದೆ. ಹೆಂಗಸರು ಬುಟ್ಟಿ ಹೊತ್ತು ಒಳಗೆ ಬಂದು ತಂಪು ಗೋಡೆಗೆ ಬೆನ್ನು ಕೊಟ್ಟು ಕೂತರು.

ಸುದ್ದಿ ತಿಳಿದು ಎಂಜಿನಿಯರು ಓಡಿ ಬಂದ. "ಕೀಲಿ ಒಡದಾವ್ರು ಯಾರ್ರಿ? ಒಡಿಯೂವಾಗ ಇಲ್ಲೆ ಯಾರಿದ್ರು?"

"ನಾನ ಇದ್ದೆ," ಎಂದೆ.